ಲಂಡನ್ನಿನಿಂದ ನ್ಯೂಯಾರ್ಕಿಗೆ: ದೂರ ಒಂದೇ, ಹೊತ್ತು ಬೇರೆ ಬೇರೆ

ನನ್ನ ತಂಗಿಯ ಮಗಳು ಲಂಡನ್ನಿನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಕೆಲಸದ ನಿಮಿತ್ತ ಆಗಾಗ ನ್ಯೂಯಾರ್ಕಿಗೆ ಹೋಗಿಬರುತ್ತಾಳೆ. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುವಾಗ, "ಮಾವ, ನೀವು ಮೇಷ್ಟ್ರು, ಇದಕ್ಕೊಂದು ಉತ್ತರ ಹೇಳಿ. ಹೋಗುವಾಗ ಎಂಟು ಗಂಟೆ ಹಿಡಿಯಿತು, ಬರುವಾಗ ಏಳೂ ತುಂಬಲಿಲ್ಲ. ಊರುಗಳು ಅವೇ, ವಿಮಾನವೂ ಅಂಥದ್ದೇ. ಹೀಗೇಕೆ?" ಎಂದು ಕೇಳಿದಳು. ಹಿಂದಿನಿಂದ ಅವಳ ಯಜಮಾನರು, "ಭೂಮಿ ತಿರುಗುತ್ತದಲ್ಲ, ಅದಕ್ಕೇ" ಎಂದದ್ದೂ ಕೇಳಿಸಿತು. ಅಳಿಯಂದಿರ ಮಾತನ್ನು ಥಟ್ಟನೆ ಅಲ್ಲಗಳೆಯುವುದು ನಮ್ಮ ಕಡೆಯ ಪದ್ಧತಿಯಲ್ಲ. ಬರೆದು ತಿಳಿಸುತ್ತೇನೆ ಎಂದೆ. ಬರೆಯಲು ಕುಳಿತಾಗ, ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ನಾನು ತಪ್ಪಾಗಿ ಉತ್ತರಿಸಿದ ಇನ್ನೊಂದು ಪ್ರಶ್ನೆಯೂ ಇದರ ಜೊತೆಯಲ್ಲೇ ಎದ್ದು ನಿಂತಿತು. ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ದೂರದ ಮಾತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಅತಿ ಹತ್ತಿರದ ದಾರಿಯಲ್ಲಿ ಸುಮಾರು 5,550 ಕಿ.ಮೀ. ಈ 'ಅತಿ ಹತ್ತಿರದ ದಾರಿ' ಎಂಬಲ್ಲಿಯೇ ನಾನು ಎಡವಿದ್ದು. 1990ರ ಆಸುಪಾಸಿನಲ್ಲಿ ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ಗೋಡೆಯ ಮೇಲೆ ಪ್ರಪಂಚದ ಭೂಪಟ. ಚಾರ್ಲ್ಸ್ ಲಿಂಡ್‌ಬರ್ಗ್ 1927ರ ಮೇ 20 ಮತ್ತು 21ರಂದು ಒಬ್ಬನೇ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹಾರಿದ ಕಥೆಯನ್ನು ಸಾಕಷ್ಟು ಅಭಿನಯದೊಂದಿಗೆ ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ನಕಾಶೆಯಲ್ಲಿ ನೆಟ್ಟಗೆ ಗೆರೆ ಎಳೆದರೆ ಬರೀ ಸಮುದ್ರ ಬರುತ್ತದೆ. ಅವನು ಮೇಲೆ ನ್ಯೂಫೌಂಡ್‌ಲೆಂಡಿಗೆ ಯಾಕೆ ಹೋದ? ಸುತ್ತು ಆಗಲಿಲ್ಲವಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. "ಸಮುದ್ರದ ಮೇಲೆ ವಿಮಾನ ಕೆಟ್ಟರೆ ಇಳಿಯಲು ನೆಲ ಬೇಡವೇನೋ? ಸುತ್ತಾದರೂ ಕ್ಷೇಮದ ದಾರಿ ಹಿಡಿದ. ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವನು ಕುಳಿತ.

ಆ ಹುಡುಗ ಕೇಳಿದ್ದು ನಿಜವಾದ ಪ್ರಶ್ನೆ. ಲಿಂಡ್‌ಬರ್ಗ್ ಸುತ್ತು ಹಾಕಿರಲೇ ಇಲ್ಲ. ನಮ್ಮ ಗೋಡೆಯ ಭೂಪಟ 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ವಿಧಾನದ್ದು. ದಿಕ್ಸೂಚಿ ಹಿಡಿದು ಹೋಗುವ ನಾವಿಕರಿಗೆ ಅದು ವರವಾಗಿತ್ತು, ಏಕೆಂದರೆ ಅದರ ಮೇಲಿನ ಯಾವುದೇ ಸರಳರೇಖೆಯ ಗುಂಟ ಹೋದರೆ ದಿಕ್ಕು ಬದಲಾಗುವುದಿಲ್ಲ. ಆದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವಗಳತ್ತ ಹೋದಂತೆಲ್ಲ ಅದು ನೆಲವನ್ನು ಹಿಗ್ಗಿಸುತ್ತದೆ. ಅದರಲ್ಲಿ ಗ್ರೀನ್‌ಲೆಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕರಷ್ಟಿದೆ. ಅಂಥ ಭೂಪಟದಲ್ಲಿ ನೆಟ್ಟಗೆ ಕಾಣುವ ಗೆರೆ ಭೂಮಿಯ ಮೇಲೆ ಹತ್ತಿರದ ದಾರಿಯಲ್ಲ. ಲಂಡನ್ ಮತ್ತು ನ್ಯೂಯಾರ್ಕುಗಳ ನಡುವೆ ಆ ಗೆರೆಯನ್ನೇ ಹಿಡಿದು ಹೊರಟರೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ ಸುಮ್ಮನೆ ಕ್ರಮಿಸಿದಂತಾಗುತ್ತದೆ.

ಗ್ಲೋಬಿನ ಮೇಲೆ ದಾರ ಹಿಡಿದು ನೋಡಿದರೆ ಸತ್ಯ ತಿಳಿಯುತ್ತದೆ. ಬಿಗಿಯಾಗಿ ಎಳೆದ ದಾರ ಲಂಡನ್ನಿನಿಂದ ಹೊರಟು ಮೊದಲು ವಾಯವ್ಯಕ್ಕೆ ಏರುತ್ತದೆ, ಐರ್ಲೆಂಡನ್ನು ದಾಟುತ್ತದೆ, ನಡುಗಡಲಿನಲ್ಲಿ ಬಾಗಿ ನ್ಯೂಫೌಂಡ್‌ಲೆಂಡಿನ ಮೇಲೆ ಹಾದು ನ್ಯೂಯಾರ್ಕಿಗೆ ಇಳಿಯುತ್ತದೆ. ಭೂಗೋಳದಲ್ಲಿ ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು. ನಮ್ಮ ಶಾಲೆಯಲ್ಲೂ ಒಂದು ಗ್ಲೋಬ್ ಇತ್ತು. ಬೀರುವಿನೊಳಗೆ ಭದ್ರವಾಗಿತ್ತು, ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಹೊರಬಂದು ಮೇಜಿನ ಮೇಲೆ ಕುಳಿತುಕೊಳ್ಳುತ್ತಿತ್ತು.

ಎಷ್ಟೋ ವರ್ಷಗಳ ನಂತರ ತಿಳಿದ ಸಂಗತಿಯೊಂದು ನನ್ನನ್ನು ಇನ್ನಷ್ಟು ನಾಚಿಸಿತು. ಲಿಂಡ್‌ಬರ್ಗ್ ತನ್ನ ವಿಮಾನ ತಯಾರಾಗುತ್ತಿದ್ದ ಸ್ಯಾನ್ ಡಿಯಾಗೋ ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಗ್ಲೋಬಿನ ಮೇಲೆ ಒಂದು ದಾರವನ್ನಿಟ್ಟು ನ್ಯೂಯಾರ್ಕಿನಿಂದ ಪ್ಯಾರಿಸ್ಸಿನ ದೂರವನ್ನು ಅಳೆದಿದ್ದ. 3,600 ಮೈಲಿ ಬಂದಿತ್ತು. ಆಮೇಲೆ ಆ ಬಾಗಿದ ದಾರಿಯನ್ನು ನೂರು ನೂರು ಮೈಲಿಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಕೊನೆಗೆ ದಿಕ್ಸೂಚಿಯ ದಿಕ್ಕನ್ನು ತುಸು ತುಸು ಬದಲಿಸುತ್ತಾ ಮೂವತ್ತಮೂರೂವರೆ ಗಂಟೆ ಹಾರಿದ. ಆ ದಿನ ಬೀರುವಿನ ಬೀಗ ತೆಗೆಸಿ ಒಂದು ಮೊಳ ದಾರ ತರಿಸಿದ್ದರೆ ಸಾಕಿತ್ತು. ಹುಡುಗ ತಾನೇ ಉತ್ತರ ಕಂಡುಕೊಳ್ಳುತ್ತಿದ್ದ.

ದೂರವೇನೋ ಬದಲಾಗುವುದಿಲ್ಲ. ಬದಲಾದದ್ದು ಹೊತ್ತು. ಹೋಗುವುದಕ್ಕೂ ಬರುವುದಕ್ಕೂ ಹೊತ್ತು ಬೇರೆಯಾಗುವುದು ವಿಮಾನದ ಕಾಲದ ಹೊಸ ವಿಚಿತ್ರವಲ್ಲ. ಹಾಯಿ ಹಡಗಿನ ದಿನಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. 1818ರ ಜನವರಿ 5ರಂದು ಬ್ಲ್ಯಾಕ್ ಬಾಲ್ ಎಂಬ ಸಂಸ್ಥೆಯ 'ಜೇಮ್ಸ್ ಮನ್ರೋ' ಹಡಗು ಹಿಮ ಸುರಿಯುತ್ತಿದ್ದರೂ ಹೇಳಿದ ದಿನಕ್ಕೇ ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿತು. ಅದಕ್ಕೆ ಮೊದಲು ಹಡಗು ತುಂಬಿದ ಮೇಲೆ ಹೊರಡುವುದೇ ವಾಡಿಕೆ. ನಮ್ಮ ಕಡೆ ಖಾಸಗಿ ಬಸ್ಸುಗಳು ಸೀಟು ತುಂಬುವವರೆಗೆ ಕಾಯುತ್ತಿದ್ದಂತೆ. ವೇಳಾಪಟ್ಟಿಯ ಪ್ರಕಾರ ಅಟ್ಲಾಂಟಿಕ್ ದಾಟುವ ಪದ್ಧತಿ ಅಲ್ಲಿಂದ ಆರಂಭವಾಯಿತು. ಹೊರಡುವ ದಿನ ನಿಶ್ಚಿತ, ತಲುಪುವ ದಿನ ದೈವಾಧೀನ. ಅಮೆರಿಕದಿಂದ ಇಂಗ್ಲೆಂಡಿಗೆ ಆ ಹಡಗುಗಳು ಸರಾಸರಿ 23 ದಿನ ತೆಗೆದುಕೊಂಡರೆ, ಇಂಗ್ಲೆಂಡಿನಿಂದ ಅಮೆರಿಕಕ್ಕೆ 40 ದಿನ. ಆ ಅಕ್ಷಾಂಶಗಳಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಕೆಳಗೆ ನೀರೂ ಅತ್ತಲೇ ಹರಿಯುತ್ತದೆ.

ಈ ನೀರಿನ ಹರಿವಿನ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಮಿಂಚಿನ ಪ್ರಯೋಗದಿಂದ ನಿಮಗೆಲ್ಲ ಪರಿಚಿತನಾದ ಬೆಂಜಮಿನ್ ಫ್ರ್ಯಾಂಕ್ಲಿನ್ ಅಮೆರಿಕದ ವಸಾಹತುಗಳ ಅಂಚೆ ವ್ಯವಸ್ಥೆಯ ಮೇಲ್ವಿಚಾರಕನೂ ಆಗಿದ್ದ. 1768ರ ಸುಮಾರಿಗೆ ಅವನು ಲಂಡನ್ನಿನಲ್ಲಿದ್ದಾಗ ಬಾಸ್ಟನ್ನಿನ ಸುಂಕದ ಅಧಿಕಾರಿಗಳಿಂದ ಒಂದು ದೂರು ಬಂತು. ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ನ್ಯೂಯಾರ್ಕಿಗೆ ಬರುವ ಸರ್ಕಾರಿ ಅಂಚೆ ಹಡಗುಗಳು, ಲಂಡನ್ನಿನಿಂದ ರೋಡ್ ಐಲೆಂಡಿಗೆ ಬರುವ ಸಾಮಾನ್ಯ ವ್ಯಾಪಾರಿ ಹಡಗುಗಳಿಗಿಂತ ಎರಡು ವಾರ ತಡವಾಗುತ್ತಿವೆ ಎಂಬುದು ಆ ದೂರು. ವ್ಯಾಪಾರಿ ಹಡಗುಗಳಲ್ಲಿ ಹೇರು ಹೆಚ್ಚು, ಆಳುಗಳು ಕಡಿಮೆ, ಹೊರಡುವ ಜಾಗವೂ ಹೆಚ್ಚು ದೂರ. ಆದರೂ ಅವು ಮುಂದೆ. ಫ್ರ್ಯಾಂಕ್ಲಿನ್ ತನ್ನ ಬಂಧು, ನಾಂಟುಕೆಟ್ ದ್ವೀಪದ ಕ್ಯಾಪ್ಟನ್ ತಿಮೋತಿ ಫೋಲ್ಗರನನ್ನು ವಿಚಾರಿಸಿದ.

ಫೋಲ್ಗರ್ ತಿಮಿಂಗಿಲ ಬೇಟೆಯವರ ಊರಿನವನು. ಕಡಲಿನೊಳಗೆ ನದಿಯಂತೆ ಈಶಾನ್ಯಕ್ಕೆ ಹರಿಯುವ ಒಂದು ಬೆಚ್ಚನೆಯ ಪ್ರವಾಹವಿದೆ ಎಂಬುದು ಆ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ತಿಮಿಂಗಿಲಗಳು ಅದರ ಅಂಚುಗಳಲ್ಲಿ ಇರುತ್ತಿದ್ದವು, ಒಳಗೆ ಹೋಗುತ್ತಿರಲಿಲ್ಲ. ಆ ಪ್ರವಾಹದ ನಡುವೆ ಅದಕ್ಕೆ ಎದುರಾಗಿ ಹೆಣಗುತ್ತಿದ್ದ ಅಂಚೆ ಹಡಗುಗಳನ್ನು ಕಂಡು, ಪಕ್ಕಕ್ಕೆ ಸರಿದು ಹೋಗಿ ಎಂದು ಬೇಟೆಗಾರರು ಎಷ್ಟೋ ಸಲ ಹೇಳಿದ್ದರಂತೆ. ಆದರೆ ಅಮೆರಿಕದ ಮೀನುಗಾರರಿಂದ ಬುದ್ಧಿ ಹೇಳಿಸಿಕೊಳ್ಳುವುದು ಇಂಗ್ಲಿಷ್ ಕ್ಯಾಪ್ಟನ್ನರಿಗೆ ಒಗ್ಗಲಿಲ್ಲ. ಫೋಲ್ಗರ್ ತೋರಿಸಿದಂತೆ ಫ್ರ್ಯಾಂಕ್ಲಿನ್ ಪ್ರವಾಹವನ್ನು ನಕ್ಷೆಯಲ್ಲಿ ಗುರುತಿಸಿ ಅಚ್ಚು ಹಾಕಿಸಿ ಹಂಚಿದ. ಅದನ್ನೂ ಅವರು ಮೂಲೆಗೆ ಸರಿಸಿದರು. ಮುಂದೆ ಫ್ರ್ಯಾಂಕ್ಲಿನ್ ತಾನೇ ಅಟ್ಲಾಂಟಿಕ್ ದಾಟುವಾಗಲೆಲ್ಲ ಉಷ್ಣಮಾಪಕವನ್ನು ಕಡಲಿಗೆ ಇಳಿಬಿಟ್ಟು ನೀರಿನ ಬಿಸಿ ಅಳೆಯುತ್ತಾ ಹೋದ. ನಾವು ಪಾಠದಲ್ಲಿ ಓದಿದ ಗಲ್ಫ್ ಪ್ರವಾಹ ಇದೇ. ಹಿಂದಿನ ಬೆಂಚಿನವರ ಮಾತನ್ನು ಕೇಳದಿದ್ದ ಆ ಕ್ಯಾಪ್ಟನ್ನರ ಕಥೆ ಓದುವಾಗ ನನಗೆ ನನ್ನ ತರಗತಿ ನೆನಪಾಗದೆ ಇರುವುದಿಲ್ಲ.

ಉಗಿಯಂತ್ರ ಬಂದ ಮೇಲಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 1838ರ ಏಪ್ರಿಲ್‌ನಲ್ಲಿ ಬ್ರುನೆಲ್ ಎಂಬ ಮಹಾ ಎಂಜಿನಿಯರ್ ಕಟ್ಟಿಸಿದ 'ಗ್ರೇಟ್ ವೆಸ್ಟರ್ನ್' ಹಡಗು ಬ್ರಿಸ್ಟಲ್‌ನಿಂದ ನ್ಯೂಯಾರ್ಕಿಗೆ ಹದಿನೈದು ದಿನಗಳಲ್ಲಿ ಬಂದಿತು. ಕೊನೆಗೆ 1952ರಲ್ಲಿ 'ಯುನೈಟೆಡ್ ಸ್ಟೇಟ್ಸ್' ಎಂಬ ಹಡಗು ಪೂರ್ವಕ್ಕೆ 3 ದಿನ 10 ಗಂಟೆ 40 ನಿಮಿಷಗಳಲ್ಲೂ ಪಶ್ಚಿಮಕ್ಕೆ 3 ದಿನ 12 ಗಂಟೆ 12 ನಿಮಿಷಗಳಲ್ಲೂ ಕಡಲು ದಾಟಿತು. 23 ಮತ್ತು 40 ದಿನಗಳ ನಡುವಿದ್ದ ಅಂತರ ಎಷ್ಟಕ್ಕೆ ಇಳಿಯಿತು ನೋಡಿ. ಯಂತ್ರದ ಬಲ ಹೆಚ್ಚಿದಂತೆ ಗಾಳಿ ನೀರುಗಳ ಅಧಿಕಾರ ಮುಗಿಯಿತೆಂದೇ ಜನ ತಿಳಿದಿರಬೇಕು. ಆದರೆ ಮನುಷ್ಯ ಆ ವೇಳೆಗಾಗಲೇ ಮೇಲಕ್ಕೆ ಏರಿದ್ದ. ಅಲ್ಲಿ ಇನ್ನೂ ದೊಡ್ಡ ಗಾಳಿ ಅವನಿಗಾಗಿ ಕಾದಿತ್ತು.

ವಿಮಾನದಲ್ಲಿ ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ಕನ್ನು ಮೊದಲು ದಾಟಿದವನು ಲಿಂಡ್‌ಬರ್ಗ್ ಎಂದು ಹಲವರು ತಿಳಿದಿದ್ದಾರೆ. ಅವನಿಗಿಂತ ಎಂಟು ವರ್ಷ ಮೊದಲೇ, 1919ರ ಜೂನ್ 14 ಮತ್ತು 15ರಂದು, ಜಾನ್ ಆಲ್ಕಾಕ್ ಮತ್ತು ಆರ್ಥರ್ ಬ್ರೌನ್ ಎಂಬ ಇಬ್ಬರು ನ್ಯೂಫೌಂಡ್‌ಲೆಂಡಿನಿಂದ ಐರ್ಲೆಂಡಿಗೆ, ಸುಮಾರು 3,000 ಕಿ.ಮೀ., ಮಂಜು ಮೋಡಗಳ ನಡುವೆ ಹದಿನಾರು ಗಂಟೆಗಳಲ್ಲಿ ಹಾರಿದ್ದರು. ಹಸಿರು ಮೈದಾನವೆಂದು ನಂಬಿ ಕ್ಲಿಫ್ಡೆನ್ ಊರಿನ ಬಳಿ ಇಳಿದರೆ ಅದು ಕೆಸರು ಜೌಗು. ವಿಮಾನ ಮೂಗು ಮುಗ್ಗರಿಸಿ ನಿಂತಿತು. ಈ ಹದಿನಾರು ಗಂಟೆಗಳ ಲೆಕ್ಕದಲ್ಲಿ ಒಂದು ತಮಾಷೆಯಿದೆ. 1858ರಲ್ಲಿ ಕಡಲ ತಳದ ಮೊದಲ ತಂತಿಯ ಮೂಲಕ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಕಳುಹಿಸಿದ 98 ಪದಗಳ ಸಂದೇಶ ಪೂರ್ತಿ ತಲುಪಲು ಹದಿನಾರು ಗಂಟೆ ಬೇಕಾಗಿತ್ತು. ಅಂದು ಒಂದು ಚಿಕ್ಕ ಕಾಗದಕ್ಕೆ ಬೇಕಾದ ಹೊತ್ತಿನಲ್ಲಿ ಅರವತ್ತೊಂದು ವರ್ಷಗಳ ನಂತರ ಇಬ್ಬರು ಮನುಷ್ಯರೇ ದಾಟಿಬಿಟ್ಟರು.

ಆಲ್ಕಾಕ್, ಬ್ರೌನ್, ಲಿಂಡ್‌ಬರ್ಗ್ ಮೂವರೂ ಹಾರಿದ್ದು ಪಶ್ಚಿಮದಿಂದ ಪೂರ್ವಕ್ಕೆ ಎಂಬುದನ್ನು ಗಮನಿಸಬೇಕು. ಎದುರು ದಿಕ್ಕಿನಲ್ಲಿ, ಯುರೋಪಿನಿಂದ ಅಮೆರಿಕಕ್ಕೆ, ವಿಮಾನವೊಂದು ಎಲ್ಲಿಯೂ ಇಳಿಯದೆ ದಾಟಲು 1928ರ ಏಪ್ರಿಲ್ ಬರಬೇಕಾಯಿತು. 'ಬ್ರೆಮೆನ್' ಎಂಬ ಆ ವಿಮಾನ ಐರ್ಲೆಂಡಿನಿಂದ ಹೊರಟು, ಮೂವತ್ತಾರು ಗಂಟೆಗೂ ಹೆಚ್ಚು ಕಾಲ ಗಾಳಿಯೊಡನೆ ಗುದ್ದಾಡಿ, ನ್ಯೂಯಾರ್ಕನ್ನು ಮುಟ್ಟಲಾರದೆ ಕೆನಡಾದ ಗ್ರೀನ್ಲಿ ಎಂಬ ಪುಟ್ಟ ದ್ವೀಪದಲ್ಲಿ ಇಳಿದುಕೊಂಡಿತು.

ಇನ್ನು ನನ್ನ ಸೊಸೆಯ ಪ್ರಶ್ನೆಗೆ ಬರುತ್ತೇನೆ. 1958ರ ಅಕ್ಟೋಬರ್ 4ರಂದು ಬ್ರಿಟನ್ನಿನ ಬಿ.ಓ.ಎ.ಸಿ. ಸಂಸ್ಥೆ ತನ್ನ ಕಾಮೆಟ್ ವಿಮಾನಗಳಿಂದ ಲಂಡನ್ ಮತ್ತು ನ್ಯೂಯಾರ್ಕುಗಳ ನಡುವೆ ಮೊದಲ ಜೆಟ್ ಸೇವೆಯನ್ನು ಎರಡೂ ಕಡೆಯಿಂದ ಒಂದೇ ದಿನ ಆರಂಭಿಸಿತು. ನ್ಯೂಯಾರ್ಕಿನಿಂದ ಹೊರಟ ವಿಮಾನ 6 ಗಂಟೆ 12 ನಿಮಿಷಗಳಲ್ಲಿ ಲಂಡನ್ ಸೇರಿತು. ಲಂಡನ್ನಿನಿಂದ ಹೊರಟದ್ದು ನಡುವೆ ನ್ಯೂಫೌಂಡ್‌ಲೆಂಡಿನ ಗ್ಯಾಂಡರ್‌ನಲ್ಲಿ ಇಂಧನಕ್ಕೆ ಇಳಿದು ನ್ಯೂಯಾರ್ಕ್ ತಲುಪಿದಾಗ 10 ಗಂಟೆ 22 ನಿಮಿಷ ಆಗಿತ್ತು. ಒಂದೇ ದಿನ, ಒಂದೇ ಬಗೆಯ ವಿಮಾನ, ನಾಲ್ಕು ಗಂಟೆಗಳ ವ್ಯತ್ಯಾಸ.

ಭೂಮಿ ತಿರುಗುವುದು ನೇರ ಕಾರಣವೆಂಬ ವಾದ ಏಕೆ ನಿಲ್ಲುವುದಿಲ್ಲ ಎಂಬುದು ಇಲ್ಲಿಯೇ ಕಾಣುತ್ತದೆ. ಭೂಮಿ ತಿರುಗುವುದು ಪೂರ್ವಕ್ಕೆ. ವಿಮಾನ ಗಾಳಿಯಲ್ಲಿ ತೇಲುತ್ತಿರುವಾಗ ಕೆಳಗೆ ಭೂಮಿ ಮಾತ್ರ ಸರಿಯುವುದಾದರೆ, ಲಂಡನ್ನಿನಿಂದ ಹೊರಟವರ ಎದುರಿಗೆ ನ್ಯೂಯಾರ್ಕೇ ಓಡಿ ಬರಬೇಕಿತ್ತು. ಪಶ್ಚಿಮದ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಆಗುವುದು ತದ್ವಿರುದ್ಧ. ಭೂಮಿಯೊಡನೆ ಅದರ ಮೇಲಿನ ಗಾಳಿಯೂ ತಿರುಗುತ್ತದೆ. ಓಡುವ ರೈಲಿನೊಳಗೆ ಹಾರುವ ನೊಣ ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲವಷ್ಟೆ.

ನಿಜವಾದ ಕಾರಣ ಎತ್ತರದಲ್ಲಿ ಹರಿಯುವ ಗಾಳಿಯ ಹೊಳೆ. ನೆಲದಿಂದ ಒಂಬತ್ತು ಹತ್ತು ಕಿ.ಮೀ. ಮೇಲೆ, ಉಷ್ಣವಲಯದ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ನಡುವೆ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಕಿರಿದಾದ ಪ್ರವಾಹ ಹಾವಿನಂತೆ ಬಳುಕುತ್ತಾ ಹರಿಯುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಭೂಮಿಯ ತಿರುಗುವಿಕೆ ಈ ಗಾಳಿಯನ್ನು ಪೂರ್ವಕ್ಕೆ ಬಾಗಿಸುವುದು ನಿಜ. ಹಾಗಾಗಿ ಅಳಿಯಂದಿರಿಗೆ ಅರ್ಧ ಅಂಕ ಕೊಡಬಹುದು. ಜಪಾನಿನ ಓಇಶಿ ವಾಸಬುರೊ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ತಾತೆನೊ ಎಂಬಲ್ಲಿಂದ ಬಲೂನುಗಳನ್ನು ಹಾರಿಬಿಟ್ಟು, ಅವು ಮೇಲೇರಿದಂತೆ ಎಷ್ಟು ವೇಗದಲ್ಲಿ ಸರಿಯುತ್ತವೆ ಎಂದು ಅಳೆದು ಈ ಗಾಳಿಯನ್ನು ಪತ್ತೆಹಚ್ಚಿದ. ಇಡೀ ಜಗತ್ತಿಗೆ ತಿಳಿಯಲೆಂದು ತನ್ನ ವರದಿಯನ್ನು ಎಸ್ಪೆರಾಂಟೊ ಎಂಬ ವಿಶ್ವಭಾಷೆಯಲ್ಲಿ 1926ರಲ್ಲಿ ಪ್ರಕಟಿಸಿದ. ಜಗತ್ತಿನಲ್ಲಿ ಅದನ್ನು ಓದಿದವರು ವಿರಳ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗಲೇ ಹೊರಜಗತ್ತು ಅದರ ಬಲವನ್ನು ಅರಿತದ್ದು.

ನನ್ನ ಹಳೆಯ ವಿದ್ಯಾರ್ಥಿಗಳು ಗಣಿತದಲ್ಲಿ ಬರುತ್ತಿದ್ದ 'ನದಿಯಲ್ಲಿ ದೋಣಿ'ಯ ಲೆಕ್ಕವನ್ನು ನೆನಪಿಸಿಕೊಳ್ಳಲಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎನ್ನೋಣ. ಗಾಳಿಯೇ ಇಲ್ಲದಿದ್ದರೆ 5,550 ಕಿ.ಮೀ. ದಾಟಲು 6 ಗಂಟೆ 10 ನಿಮಿಷ. ಹಿಂದಿನಿಂದ ಗಂಟೆಗೆ 100 ಕಿ.ಮೀ. ಗಾಳಿಯಿದ್ದರೆ 5 ಗಂಟೆ 33 ನಿಮಿಷ. ಅದೇ ಗಾಳಿ ಎದುರಾದರೆ 6 ಗಂಟೆ 56 ನಿಮಿಷ. ಬರುವಾಗ ಗಾಳಿ ಉಳಿಸಿಕೊಡುವುದು 37 ನಿಮಿಷ, ಹೋಗುವಾಗ ಕಸಿದುಕೊಳ್ಳುವುದು 46. ಇದಕ್ಕೆ ಏರುವ, ಇಳಿಯುವ, ರನ್‌ವೇಗೆ ಹೋಗಿಬರುವ ಹೊತ್ತನ್ನು ಸೇರಿಸಿದರೆ ನಿನ್ನ ಏಳು ಮತ್ತು ಎಂಟರ ಲೆಕ್ಕ ಸರಿಹೋಗುತ್ತದೆ, ಮಗು. 2020ರ ಫೆಬ್ರವರಿಯಲ್ಲಿ ಬ್ರಿಟನ್ನಿನತ್ತ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಸಾಮಾನ್ಯ 747 ವಿಮಾನವೊಂದು ಬೆನ್ನ ಹಿಂದಿನ ಗಾಳಿಯ ನೆರವಿನಿಂದ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿಳಿಯಿತು.

ಗಾಳಿ ದಿನದಿನಕ್ಕೂ ಜಾಗ ಬದಲಿಸುವುದರಿಂದ ಕಡಲ ಮೇಲಿನ ದಾರಿಗಳೂ ಬದಲಾಗುತ್ತವೆ. ಹಗಲು ಪಶ್ಚಿಮಕ್ಕೆ ಹೋಗುವ ವಿಮಾನಗಳ ದಾರಿಗಳನ್ನು ಬ್ರಿಟನ್ ಮತ್ತು ಐರ್ಲೆಂಡುಗಳ ಕಡೆಯ ನಿಯಂತ್ರಣ ಕೇಂದ್ರವೂ, ರಾತ್ರಿ ಪೂರ್ವಕ್ಕೆ ಬರುವವುಗಳದನ್ನು ಗ್ಯಾಂಡರ್ ಕೇಂದ್ರವೂ ಆಯಾ ದಿನದ ಗಾಳಿಯನ್ನು ನೋಡಿ ಗೊತ್ತುಮಾಡುವ ಪದ್ಧತಿ ಬೆಳೆಯಿತು. ಪೂರ್ವಕ್ಕೆ ಬರುವವರು ಹೊಳೆಯ ನಡುವೆ ತೇಲಿ ಬರುತ್ತಾರೆ, ಪಶ್ಚಿಮಕ್ಕೆ ಹೋಗುವವರು ದಡ ಹಿಡಿದು, ಕೆಲವೊಮ್ಮೆ ಗ್ರೀನ್‌ಲೆಂಡಿನ ಹತ್ತಿರದವರೆಗೂ ಸರಿದು ಹೋಗುತ್ತಾರೆ. ನಾಂಟುಕೆಟ್ಟಿನ ತಿಮಿಂಗಿಲ ಬೇಟೆಗಾರರು ಹೇಳಿದ್ದೂ ಇದನ್ನೇ.

ಈ ದಾರಿಯಲ್ಲಿ ನಮ್ಮವರೂ ಇದ್ದಾರೆ. 1960ರ ಮೇ ತಿಂಗಳಲ್ಲಿ ಏರ್ ಇಂಡಿಯಾದ ಬೋಯಿಂಗ್ 707 ಲಂಡನ್ನಿನಿಂದ ಮುಂದಕ್ಕೆ ನ್ಯೂಯಾರ್ಕಿಗೆ ಹಾರಲಾರಂಭಿಸಿತು. ಇದೇ ಕಡಲಿನ ಮೇಲೆ 1985ರ ಜೂನ್ 23ರ ಬೆಳಿಗ್ಗೆ, ಮಾಂಟ್ರಿಯಲ್‌ನಿಂದ ಲಂಡನ್ನಿಗೆ ಬರುತ್ತಿದ್ದ ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ತೀರದ ಬಳಿ ಬಾಂಬಿಗೆ ಸಿಕ್ಕಿ ಸಿಡಿಯಿತು. ಅದರಲ್ಲಿದ್ದ 329 ಮಂದಿಯೂ ತೀರಿಕೊಂಡರು. ನಾನಾಗ ಬಿ.ಎಡ್. ಓದುತ್ತಿದ್ದೆ. ಹಾಸ್ಟೆಲಿನ ರೇಡಿಯೋದ ಸುತ್ತ ನಿಂತು ವಾರ್ತೆ ಕೇಳಿದ್ದು, ಯಾರೂ ಮಾತಾಡದೆ ಊಟಕ್ಕೆ ಹೋದದ್ದು ಈಗಲೂ ಕಣ್ಣ ಮುಂದಿದೆ. ಲಂಡನ್ ತಲುಪಲು ಅವರಿಗೆ ಒಂದು ಗಂಟೆಯ ದಾರಿಯೂ ಉಳಿದಿರಲಿಲ್ಲ.

ವೇಗದ ಕಥೆಯಲ್ಲಿ ಕಾಂಕಾರ್ಡನ್ನು ಬಿಡುವಂತಿಲ್ಲ. 1977ರ ನವೆಂಬರ್ 22ರಂದು ನ್ಯೂಯಾರ್ಕಿಗೆ ಅದರ ಸೇವೆ ಮೊದಲಾಯಿತು. ಶಬ್ದದ ಎರಡರಷ್ಟು ವೇಗದಲ್ಲಿ, ಜೆಟ್ ಸ್ಟ್ರೀಮಿಗಿಂತ ಬಹಳ ಮೇಲೆ ಹಾರುತ್ತಿದ್ದುದರಿಂದ ಗಾಳಿಯ ಕಾಟವೂ ಕಡಿಮೆ. ಮೂರೂವರೆ ಗಂಟೆಯಲ್ಲಿ ಪ್ರಯಾಣ ಮುಗಿಯುತ್ತಿತ್ತು. ಲಂಡನ್ನಿನಲ್ಲಿ ಬೆಳಿಗ್ಗೆ 10.30ಕ್ಕೆ ಹೊರಟವರು ನ್ಯೂಯಾರ್ಕಿನ ಗಡಿಯಾರದಲ್ಲಿ ಅದೇ ಬೆಳಿಗ್ಗೆ 9.25ಕ್ಕೆ ಇಳಿಯುತ್ತಿದ್ದರು. 1996ರ ಫೆಬ್ರವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಅದು ತೆಗೆದುಕೊಂಡದ್ದು 2 ಗಂಟೆ 52 ನಿಮಿಷ 59 ಸೆಕೆಂಡು. ಆದರೆ ಇಂಧನ ವಿಪರೀತ, ಸದ್ದು ಅಸಹನೀಯ, ಟಿಕೆಟ್ಟಿನ ಬೆಲೆ ಶ್ರೀಮಂತರಿಗಷ್ಟೇ. 2000ದ ಜುಲೈಯಲ್ಲಿ ಪ್ಯಾರಿಸ್ಸಿನ ಬಳಿ ಒಂದು ಕಾಂಕಾರ್ಡ್ ಬಿದ್ದು 113 ಜನ ಸತ್ತರು. 2003ರ ಅಕ್ಟೋಬರ್ 24ರಂದು ಪ್ರಯಾಣಿಕರನ್ನು ಹೊತ್ತು ಅದು ಕೊನೆಯ ಬಾರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಬಂದಿತು. ಅಲ್ಲಿಂದಾಚೆಗೆ ಈ ಎರಡು ಊರುಗಳ ನಡುವಿನ ಹೊತ್ತು ಮತ್ತೆ ಹಿಗ್ಗಿತು. 1958ರ ಆ ಕಾಮೆಟ್ಟಿನ 6 ಗಂಟೆ 12 ನಿಮಿಷಕ್ಕೂ ನಿನ್ನ ಏಳು ಗಂಟೆಯೊಳಗಿನ ಪ್ರಯಾಣಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅರವತ್ತು ವರ್ಷಗಳಿಗೂ ಮಿಕ್ಕಿದ ವಿಜ್ಞಾನದ ಪ್ರಗತಿ ಟಿಕೆಟ್ಟನ್ನು ಅಗ್ಗ ಮಾಡಿತು, ಇಂಧನ ಉಳಿಸಿತು, ಹೊತ್ತನ್ನು ಮಾತ್ರ ಇದ್ದಲ್ಲೇ ಬಿಟ್ಟಿತು.

ಇನ್ನು ಆ ಹುಡುಗನ ವಿಷಯ. ಹತ್ತನೆಯ ತರಗತಿ ಮುಗಿಸಿ ಅವನು ಊರು ಬಿಟ್ಟ. ಆಮೇಲೆ ನಾನು ಅವನನ್ನು ನೋಡಿಲ್ಲ. ಅವನ ಸಹಪಾಠಿಗಳಲ್ಲಿ ಹಲವರು ಈ ಪುಟವನ್ನು ಓದುತ್ತೀರಿ. ಅವನ ಪರಿಚಯ ಇನ್ನೂ ಉಳಿಸಿಕೊಂಡಿರುವವರು ಒಂದು ಮಾತು ಮುಟ್ಟಿಸಬೇಕು: ಲಿಂಡ್‌ಬರ್ಗ್ ಸುತ್ತು ಹಾಕಿರಲಿಲ್ಲ, ನ್ಯೂಫೌಂಡ್‌ಲೆಂಡೇ ನೆಟ್ಟಗಿನ ದಾರಿ, ಅಂದು ಮೇಷ್ಟ್ರು ಹೇಳಿದ್ದು ತಪ್ಪು. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅವನೇ ಒಂದು ದಾರ ಹಿಡಿದು ನೋಡಲಿ.